ಹಿತ್ತಿಲ ಕೊಳದ ಬಂಗಾರದ ಮೀನಿಗೆ ತಕ್ಕ ಸಂಗಾತಿಗಳು

ಸಹವಾಸದೋಷವೆಂಬುದು ಮನುಷ್ಯರಿಗೆ ಮಾತ್ರ ಸಲ್ಲುವ ಮಾತೆಂದು ನಾವು ಬಹುಕಾಲ ನಂಬಿದ್ದೆವು. ನಮ್ಮ ಮನೆಯ ಹಿತ್ತಿಲಿನಲ್ಲಿರುವ ಒಂದು ಸಣ್ಣ ಕೊಳವು ಆ ನಂಬಿಕೆಯನ್ನು ತಿದ್ದಿತು. ಮನೆಯಲ್ಲಿ ಮಕ್ಕಳಿರುವ ಗೃಹಸ್ಥರು ಈಗ ಅನೇಕರು ಬಂಗಾರದ ಮೀನುಗಳನ್ನು ತಂದು ತೊಟ್ಟಿಯಲ್ಲಿಯೋ ಕೊಳದಲ್ಲಿಯೋ ಬಿಡುತ್ತಿರುವುದರಿಂದ, ನಾವು ನಷ್ಟಪಟ್ಟು ಕಲಿತುದನ್ನು ವಾಚಕರು ನಷ್ಟವಿಲ್ಲದೆ ಕಲಿಯಲೆಂಬ ಉದ್ದೇಶದಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮ್ಮ ಊರು ಬುಕ್ಕಾಂಬುಧಿ. ಅಜ್ಜಂಪುರದ ಸೀಮೆಗೆ ಸೇರಿದುದು. ಅಂಬುಧಿಯೆಂದರೆ ಸಮುದ್ರ. ಕೆರೆಯನ್ನು ಸಮುದ್ರವೆಂದೂ ಸಾಗರವೆಂದೂ ಕರೆಯುವುದು ನಮ್ಮ ನಾಡಿನ ಹಿರಿಯರ ವಾಡಿಕೆ. ಮಳೆಯ ನೀರನ್ನು ಹಿಡಿದಿಟ್ಟುಕೊಂಡು ಬದುಕಬೇಕಾದ ಬಯಲುಸೀಮೆಯ ಜನರಿಗೆ ಕೆರೆಯೇ ಸಮುದ್ರವಲ್ಲದೆ ಮತ್ತೇನು? ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಕೆಮ್ಮಣ್ಣುಗುಂಡಿಯ ತಂಪು, ಭದ್ರೆಯ ಕಾಡು. ಇಲ್ಲಿಯಾದರೋ ಮಾಗಿಯಲ್ಲಿ ಒಂದೆರಡು ತಿಂಗಳ ಹಿತವಾದ ಚಳಿ, ವೈಶಾಖದಲ್ಲಿ ನೆಲ ಬಿರಿಯುವ ಬಿಸಿಲು. ಕೊಳದ ಮೀನಿನ ವಿಚಾರ ಬರೆಯುವಾಗ ಹವೆಯ ಈ ವರ್ತಮಾನವೇಕೆಂದು ಯಾರಾದರೂ ಕೇಳಬಹುದು. ಅದರ ಕಾರಣವು ಮುಂದೆ ತಿಳಿದುಬರುವುದು.

ನಮ್ಮ ಹಿತ್ತಿಲಿನ ಕೊಳವು ಹತ್ತಡಿ ಉದ್ದ, ಆರಡಿ ಅಗಲ, ಮೂರಡಿ ಆಳವುಳ್ಳದ್ದು. ಸುಮಾರು ೫,೦೦೦ ಲೀಟರು ನೀರು ಹಿಡಿಯುವುದು. ಅದರಲ್ಲಿ ಒಂದು ವರ್ಷ ಎರಡಂಗುಲದ ಹನ್ನೆರಡು ಬಂಗಾರದ ಮೀನುಗಳನ್ನು ಬಿಟ್ಟೆವು. ಮಕ್ಕಳು ಒಂದೊಂದಕ್ಕೂ ಹೆಸರಿಟ್ಟು, ಬೆಳಗಾದೊಡನೆ ಕೊಳದ ಬಳಿಗೆ ಓಡುತ್ತಿದ್ದರು. ಆಷಾಢದಲ್ಲಿ ಕೆರೆಗೆ ಹೊಸ ನೀರು ಬಂದಾಗ ಮನೆಯ ಕಿರಿಯ ಹುಡುಗನು ಕೆರೆಯಂಚಿನಲ್ಲಿ ಕೆಂಬಣ್ಣದ ಸಣ್ಣ ಮರಿಗಳ ಹಿಂಡೊಂದನ್ನು ಕಂಡು, “ನಮ್ಮ ಕೆರೆಯಲ್ಲಿಯೂ ಬಂಗಾರದ ಮೀನಿದೆ” ಎಂದು ಸಂಭ್ರಮಪಟ್ಟು, ಎರಡನ್ನು ಚೊಂಬಿನಲ್ಲಿ ಹಿಡಿದು ತಂದು ಕೊಳಕ್ಕೆ ಬಿಟ್ಟನು. ನಾವು ನೋಡಿ ನಕ್ಕೆವೇ ಹೊರತು ಬೇಡವೆನ್ನಲಿಲ್ಲ.

ಎರಡು ತಿಂಗಳು ಏನೂ ಆಗಲಿಲ್ಲ. ನವರಾತ್ರಿಯ ವೇಳೆಗೆ ಮೀನುಗಳು ಹತ್ತಾದುವು; ದೀಪಾವಳಿಯ ವೇಳೆಗೆ ಎಂಟು. ಕೊಕ್ಕರೆಯ ಕೆಲಸವೆಂದು ಊಹಿಸಿ ಕೊಳದ ಮೇಲೆ ಬಲೆ ಕಟ್ಟಿಸಿದೆವು. ಆದರೂ ಸಂಖ್ಯೆಯು ಇಳಿಯುತ್ತಲೇ ಬಂದಿತು. ಸಂಜೆಯ ಹೊತ್ತು ಏನೋ ಒಂದು ಮೇಲಕ್ಕೆ ಬಂದು ಗಾಳಿಯನ್ನು ನುಂಗಿ ಮರೆಯಾಗುವುದನ್ನು ಕಂಡು ಕಪ್ಪೆಯಿರಬಹುದೆಂದು ಸುಮ್ಮನಿದ್ದೆವು. ಕಡೆಗೆ ಮಾರ್ಗಶಿರದಲ್ಲಿ ನೀರನ್ನು ಬಸಿದು ನೋಡಿದರೆ ಉಳಿದಿದ್ದ ಬಂಗಾರದ ಮೀನುಗಳು ಐದು. ಕಲ್ಲಿನ ಸಂದಿನಲ್ಲಿ ಗೇಣುದ್ದದ, ಹಾವಿನ ತಲೆಯಂತಹ ತಲೆಯುಳ್ಳ ಕಂದುಬಣ್ಣದ ಮೀನು ಒಂದು. ನೋಡಲು ಬಂದ ಮೀನುಗಾರರೊಬ್ಬರು ಅದು ಕೊರವ ಮೀನೆಂದೂ, ಅದರ ಮರಿಗಳು ಮೊದಮೊದಲು ಕೆಂಪಾಗಿಯೇ ಇದ್ದು ಬೆಳೆದಂತೆ ಬಣ್ಣ ತಿರುಗುವುವೆಂದೂ ತಿಳಿಸಿದರು. ಹುಡುಗನು ತಂದ ಎರಡು ಮರಿಗಳಲ್ಲಿ ಒಂದು ಬದುಕಿಕೊಂಡು, ಮೊದಲು ತನ್ನ ಜತೆಯದನ್ನೇ ತಿಂದು, ಬಳಿಕ ಏಳು ಬಂಗಾರದ ಮೀನುಗಳನ್ನು ನುಂಗಿರಬೇಕು. ಹುಡುಗನು ಅತ್ತನು. ತಪ್ಪು ಅವನದಲ್ಲ, ತಿಳಿದುಕೊಳ್ಳದೆ ನಕ್ಕ ನಮ್ಮದು.

ಮೀನಿನ ಪೂರ್ವೋತ್ತರ

ಬಂಗಾರದ ಮೀನಿನ ತವರು ಚೀನಾದೇಶ. ಅಲ್ಲಿನ ಹೊಳೆಕೆರೆಗಳಲ್ಲಿ ಬೂದುಹಸುರು ಬಣ್ಣದ ಗೆಂಡೆಯ ಜಾತಿಯ ಮೀನೊಂದುಂಟು. ಅದರಲ್ಲಿ ಅಪರೂಪವಾಗಿ ಹುಟ್ಟುತ್ತಿದ್ದ ಕೆಂಪು ಹಳದಿಯ ಮರಿಗಳನ್ನು ಆಯ್ದು, ಸುಮಾರು ಸಾವಿರ ವರ್ಷಗಳ ಹಿಂದೆ, ಸುಂಗ್ ರಾಜವಂಶದ ಕಾಲದಲ್ಲಿ, ಕೊಳಗಳಲ್ಲಿ ಸಾಕತೊಡಗಿದರು. ಹದಿನಾರನೆಯ ಶತಮಾನದಲ್ಲಿ ಅದು ಜಪಾನಿಗೂ, ಹದಿನೇಳನೆಯ ಶತಮಾನದಲ್ಲಿ ಯೂರೋಪಿಗೂ ಹೋಯಿತು. ೧೭೫೮ರಲ್ಲಿ ಸ್ವೀಡನ್ ದೇಶದ ಲಿನೇಯಸ್ ಪಂಡಿತನು ಅದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದನು. ನಮ್ಮವರಿಗೂ ಮೀನಿನ ಸ್ವಭಾವದ ತಿಳಿವಳಿಕೆಯು ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವಿದ್ದು, ಮೀನುಗಳ ಜಾತಿ, ಅವು ವಾಸಿಸುವ ನೀರು, ಅವುಗಳ ಆಹಾರ ಇವುಗಳ ವಿಚಾರವು ಅಲ್ಲಿ ಬಂದಿದೆ. ಯಾವ ಮೀನಿಗೆ ಯಾವ ನೀರು, ಯಾವ ಆಹಾರ ಎಂಬ ವಿವೇಕವೇ ನಮ್ಮ ಈ ಲೇಖನದ ವಿಷಯವೂ ಆಗಿದೆ.

ಬಂಗಾರದ ಮೀನು ಸಾಧುಪ್ರಾಣಿ. ಅದರ ದವಡೆಯಲ್ಲಿ ಹಲ್ಲಿಲ್ಲ. ಗಂಟಲಿನೊಳಗೆ ಮಾತ್ರ ಅರೆಯುವ ಹಲ್ಲುಗಳುಂಟು. ಅದಕ್ಕೆ ಜಠರವೆಂಬ ಪ್ರತ್ಯೇಕ ಅಂಗವಿಲ್ಲದುದರಿಂದ ಒಮ್ಮೆಗೇ ಬಹಳ ತಿಂದು ಅರಗಿಸಿಕೊಳ್ಳಲಾರದು. ದಿನವೆಲ್ಲಾ ಸ್ವಲ್ಪಸ್ವಲ್ಪವಾಗಿ ಮೆಲ್ಲುತ್ತಾ, ಅಷ್ಟೇ ಪ್ರಮಾಣದಲ್ಲಿ ನೀರನ್ನು ಹೊಲಸು ಮಾಡುತ್ತಾ ಇರುವುದು. ಒಳ್ಳೆಯ ಆರೈಕೆಯಲ್ಲಿ ಹತ್ತಿಪ್ಪತ್ತು ವರ್ಷ ಬದುಕಬಲ್ಲುದು. ಹೀಗೆ ಸಾಧುವೂ ದೀರ್ಘಾಯುವೂ ಆದ ಪ್ರಾಣಿಯ ಪಕ್ಕದಲ್ಲಿ ಯಾರನ್ನು ನೆಲಸಗೊಡಬೇಕೆಂಬುದನ್ನು ಯೋಚಿಸಿ ನಿರ್ಣಯಿಸಬೇಕಲ್ಲವೆ?

ನೀರಿನ ವಿಚಾರ

ಶೀತದೇಶಗಳಲ್ಲಿ ಬರೆದ ಪುಸ್ತಕಗಳಲ್ಲಿ ಬಂಗಾರದ ಮೀನನ್ನು ಚಳಿಗಾಲದಲ್ಲಿ ಹೇಗೆ ಉಳಿಸಿಕೊಳ್ಳಬೇಕೆಂಬುದೇ ದೊಡ್ಡ ಚಿಂತೆ. ಅಲ್ಲಿ ಕೊಳದ ಮೇಲೆ ಮಂಜುಗಡ್ಡೆಯು ಕಟ್ಟುವುದು. ಅದರ ಕೆಳಗೆ ಮೀನು ಹೆಚ್ಚು ಅಲುಗಾಡದೆ ಆಹಾರವಿಲ್ಲದೆ ತಿಂಗಳುಗಟ್ಟಲೆ ಇರುವುದು. ಆದಕಾರಣ ಅಲ್ಲಿಯವರು ಅದಕ್ಕೆ ಜತೆಯಾಗಿ ಆರಿಸುವುದು ಟೆಂಚ್, ಆರ್ಫ್, ರಡ್ ಎಂಬ ಚಳಿ ತಾಳುವ ಮೀನುಗಳನ್ನು. ಆ ಪಟ್ಟಿಯನ್ನು ನಾವು ಹಾಗೆಯೇ ಎತ್ತಿಕೊಂಡರೆ ಪ್ರಯೋಜನವಿಲ್ಲ. ನಮ್ಮ ಸೀಮೆಯಲ್ಲಿ ಬಂಗಾರದ ಮೀನಿಗೆ ಮಾಗಿಯ ಚಳಿಯು ಹಬ್ಬ. ವೈಶಾಖದ ಬಿಸಿಯು ಸಂಕಟ.

ಇದಕ್ಕೆ ಕಾರಣವು ಹೀಗಿದೆ. ಮೀನು ಉಸಿರಾಡುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. ನೀರು ೨೦ ಡಿಗ್ರಿ ಸೆಂಟಿಗ್ರೇಡ್ ಇರುವಾಗ ಒಂದು ಲೀಟರಿನಲ್ಲಿ ಸುಮಾರು ೯ ಮಿಲಿಗ್ರಾಂ ಆಮ್ಲಜನಕ ಕರಗಬಲ್ಲುದು. ೩೦ ಡಿಗ್ರಿಗೆ ಏರಿದರೆ ಏಳೂವರೆ ಮಿಲಿಗ್ರಾಮಿನಷ್ಟೇ. ಆದರೆ ಬಿಸಿ ಏರಿದಂತೆ ಮೀನಿಗೆ ಬೇಕಾದ ಆಮ್ಲಜನಕವು ಹೆಚ್ಚುವುದು. ಆದಾಯ ಕಡಮೆಯಾಗಿ ವೆಚ್ಚ ಹೆಚ್ಚಿದ ಸಂಸಾರದ ಸ್ಥಿತಿಯೇ ಅದರದು. ಇದರ ಮೇಲೆ ನೀರಿನ ಗಿಡಗಳು ಹಗಲಿನಲ್ಲಿ ಆಮ್ಲಜನಕವನ್ನು ಕೊಟ್ಟರೂ ರಾತ್ರಿ ತಾವೇ ಅದನ್ನು ತೆಗೆದುಕೊಳ್ಳುವುವು. ಬೇಸಗೆಯಲ್ಲಿ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುವುದು ಇದರಿಂದಲೇ. ಅದನ್ನು ಹಸಿವೆಂದು ತಿಳಿದು ಮಂಡಕ್ಕಿ ಎರಚುವ ಮನೆಗಳನ್ನು ನಾವು ನೋಡಿದ್ದೇವೆ. ಮಂಡಕ್ಕಿಯು ಕೊಳೆತು ಉಳಿದ ಆಮ್ಲಜನಕವನ್ನೂ ಹೀರಿಬಿಡುವುದು.

ಆದುದರಿಂದ ಸಂಗಾತಿಗಳ ಆಯ್ಕೆಗಿಂತ ಮೊದಲು ಸಂಖ್ಯೆಯ ನಿರ್ಣಯವಾಗಬೇಕು. ನಮ್ಮ ಅನುಭವದಲ್ಲಿ ಪೂರ್ಣವಾಗಿ ಬೆಳೆದ ಒಂದು ಬಂಗಾರದ ಮೀನಿಗೆ ೨೫೦ ಲೀಟರಿನಷ್ಟು ನೀರಾದರೂ ಇದ್ದರೆ ಬೇಸಗೆಯು ಕಳೆಯುವುದು. ನಮ್ಮ ಕೊಳದಂತಹ ೫,೦೦೦ ಲೀಟರಿನ ಕೊಳಕ್ಕೆ ಇಪ್ಪತ್ತು ಮೀನು ಎಲ್ಲೆ, ಹದಿನೈದು ಲೇಸು. ಉಳಿದ ಅವಕಾಶವನ್ನು ಸಂಗಾತಿಗಳಿಗೆ ಬಿಡಬಹುದು. ಕೊಳದ ಅರ್ಧ ಭಾಗಕ್ಕೆ ಮಧ್ಯಾಹ್ನದ ನೆರಳು ಬೀಳಬೇಕು. ನೈದಿಲೆಯ ಎಲೆಗಳು ಈ ಕೆಲಸವನ್ನು ಚೆನ್ನಾಗಿ ಮಾಡುವುವು.

ಹೊಸ ಸಿಮೆಂಟಿನ ಕೊಳವಾದರೆ ಅದರ ಸುಣ್ಣದ ಅಂಶವು ನೀರಿಗೆ ಇಳಿದು ಮೀನನ್ನು ಕೊಲ್ಲುವುದು. ಎರಡು ಮೂರು ವಾರಗಳ ಕಾಲ ನೀರು ತುಂಬುತ್ತಾ ಬಸಿಯುತ್ತಾ ಇದ್ದು, ಬಳಿಕ ಮೀನನ್ನು ಬಿಡತಕ್ಕದ್ದು. ನಲ್ಲಿಯ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿರುವುದುಂಟು. ಅದನ್ನು ಒಂದೆರಡು ದಿನ ಬಯಲಿನಲ್ಲಿ ನಿಲ್ಲಿಸಿಯೇ ಉಪಯೋಗಿಸಬೇಕು. ಕೊಳವೆ ಬಾವಿಯ ನೀರಿನಲ್ಲಿ ಆಮ್ಲಜನಕವು ಬಹಳ ಕಡಮೆ; ಅದನ್ನು ಎತ್ತರದಿಂದ ಕಲ್ಲಿನ ಮೇಲೆ ಧಾರೆಯಾಗಿ ಬೀಳಿಸಿದರೆ ಗಾಳಿಯು ಬೆರೆಯುವುದು. ಕೊಳದ ತಳದ ಮರಳು ಕಲ್ಲುಗಳನ್ನು ಅತಿಯಾಗಿ ತೊಳೆಯಬಾರದು. ಮೀನಿನ ಹೊಲಸಿನಲ್ಲಿರುವ ಅಮೋನಿಯವೆಂಬ ವಿಷವನ್ನು ನಿರಪಾಯಗೊಳಿಸುವ ಸೂಕ್ಷ್ಮಜೀವಿಗಳು ಅಲ್ಲಿಯೇ ಮನೆಮಾಡಿರುವುವು.

ಆಯ್ಕೆಯ ಸೂತ್ರಗಳು

ಯಾವ ಮೀನನ್ನಾದರೂ ಕೊಳಕ್ಕೆ ತರುವ ಮುನ್ನ ಐದು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕೆಂದು ನಾವು ಗೊತ್ತುಮಾಡಿಕೊಂಡಿದ್ದೇವೆ. ಅದು ಬೆಳೆದರೆ ಎಷ್ಟು ದೊಡ್ಡದಾಗುವುದು? ಅದರ ಬಾಯಿಗೆ ನಮ್ಮ ಮೀನು ಹಿಡಿಸುವುದೆ? ಅದು ರೆಕ್ಕೆಯನ್ನು ಕಚ್ಚುವ ಜಾತಿಯೆ? ಅದರ ಸಂತಾನವು ಎಷ್ಟು ವೇಗವಾಗಿ ಹೆಚ್ಚುವುದು? ಕೊಳವು ತುಂಬಿ ಹರಿದು ಅದು ಕೆರೆಗೆ ಸೇರಿದರೆ ಹಾನಿಯುಂಟೆ? ಈ ಐದಕ್ಕೂ ಸಮಾಧಾನಕರವಾದ ಉತ್ತರ ದೊರೆತರೆ ಮಾತ್ರ ಮೀನು ಮನೆಗೆ ಬರಬಹುದು. ಮೀನಿನ ಲೋಕದಲ್ಲಿ ಬಾಯಿಗೆ ಹಿಡಿಸುವುದೆಲ್ಲವೂ ಆಹಾರವೆಂಬುದನ್ನು ಮರೆಯಲಾಗದು. ಅಲ್ಲಿ ಕ್ರೌರ್ಯವೂ ಇಲ್ಲ, ದಯೆಯೂ ಇಲ್ಲ.

ಸಲ್ಲುವ ಸಂಗಾತಿಗಳು

ಬಂಗಾರದ ಮೀನಿಗೆ ಮೊದಲನೆಯ ಸಂಗಾತಿ ಬಂಗಾರದ ಮೀನೇ. ಆದರೆ ಇಲ್ಲಿಯೂ ಸಮಾನರನ್ನು ಸಮಾನರೊಡನೆ ಸೇರಿಸಬೇಕು. ಸಾಮಾನ್ಯ ಬಂಗಾರದ ಮೀನು, ಉದ್ದ ಬಾಲದ ಕಾಮೆಟ್, ಚುಕ್ಕೆ ಮೈಯ ಶುಬುಂಕಿನ್ — ಇವು ಒಂಟಿಬಾಲದವು, ಚುರುಕಾಗಿ ಈಜಬಲ್ಲುವು. ಜೋಡಿಬಾಲದ ಫ್ಯಾನ್‌ಟೈಲ್, ತಲೆಯ ಮೇಲೆ ಗಡ್ಡೆಯುಳ್ಳ ಒರಾಂಡ, ಉಬ್ಬುಗಣ್ಣಿನ ಕಪ್ಪು ಮೂರ್ ಮೊದಲಾದುವು ಶೃಂಗಾರಕ್ಕೆಂದು ಬೆಳೆಸಿದ ತಳಿಗಳು. ಗುಂಡಗಿನ ಮೈಯಿಂದ ನಿಧಾನವಾಗಿ ಈಜುವುವು. ಕಪ್ಪು ಮೂರಿಗೆ ದೃಷ್ಟಿಯೂ ಮಂದ. ಈ ಎರಡು ಪಂಗಡಗಳನ್ನು ಒಂದೇ ಕೊಳದಲ್ಲಿ ಬಿಟ್ಟರೆ ಮೊದಲಿನವು ಆಹಾರವನ್ನೆಲ್ಲಾ ತಿಂದುಬಿಡುವುವು. ಎರಡನೆಯವು ಜಗಳವಿಲ್ಲದೆಯೇ ಹಸಿದು ಸೊರಗುವುವು. ಬಯಲಿನ ಕೊಳಕ್ಕೆ ಒಂಟಿಬಾಲದವೇ ಯೋಗ್ಯ. ಶೃಂಗಾರದ ತಳಿಗಳನ್ನು ಮನೆಯೊಳಗಿನ ತೊಟ್ಟಿಯಲ್ಲಿ ತಮ್ಮವರೊಡನೆಯೇ ಇರಿಸುವುದು ಒಳ್ಳೆಯದು.

ಎರಡನೆಯದಾಗಿ ನಮ್ಮ ನಾಡಿನ ಸಣ್ಣ ಮೀನುಗಳು. ಕೆರೆ ಹಳ್ಳಗಳಲ್ಲಿ ಪಕ್ಕದ ಮೇಲೆ ಒಂದೇ ಕಪ್ಪು ಗೆರೆಯುಳ್ಳ, ನಾಲ್ಕಂಗುಲ ಮೀರದ ರಾಸ್ಬೋರ ಎಂಬ ಬೆಳ್ಳಿಮೈಯ ಮೀನುಂಟು. ಮಲೆನಾಡಿನ ತೊರೆಗಳಲ್ಲಿ ನೀಲಿಯ ಪಟ್ಟೆಗಳುಳ್ಳ ಡೇನಿಯೋ ಉಂಟು. ಇವು ಹಿಂಡಿನಲ್ಲಿ ಬಾಳುವಂತಹವು. ಒಂದೆರಡಲ್ಲದೆ ಆರೆಂಟು ಬಿಟ್ಟರೆ ತಮ್ಮ ಪಾಡಿಗೆ ತಾವು ಮೇಲ್ಭಾಗದಲ್ಲಿ ಓಡಾಡಿಕೊಂಡಿರುವುವು. ನಮ್ಮ ಬಿಸಿಲನ್ನು ಬಲ್ಲ ಜಾತಿಗಳಾದುದರಿಂದ ರಾಸ್ಬೋರದಂತಹ ಕೆರೆಯ ಮೀನುಗಳಿಗೆ ವೈಶಾಖದ ಭಯವು ಕಡಮೆ.

ಸೊಳ್ಳೆಯ ಮರಿಗಳ ನಾಶಕ್ಕೆ ತಲೆಯ ನಡುವೆ ಬೆಳ್ಳಿಯಂತೆ ಹೊಳೆಯುವ ಚುಕ್ಕೆಯುಳ್ಳ ಪಾಂಚಾಕ್ಸ್ ಎಂಬ ನಾಡಮೀನೊಂದಿದೆ. ನೀರಿನ ಮೇಲ್ಮೈಗೆ ಅಂಟಿಕೊಂಡಂತೆ ಇದ್ದು ಹುಳುಗಳನ್ನು ಹಿಡಿಯುವುದೇ ಅದರ ಉದ್ಯೋಗ. ಬಂಗಾರದ ಮೀನು ಕೂಡ ಸೊಳ್ಳೆಮರಿಗಳನ್ನು ತಿನ್ನುವುದು. ಆದರೆ ನೈದಿಲೆಯೆಲೆಗಳ ಸಂದುಗಳಲ್ಲಿ ಅಡಗಿದವನ್ನು ಹಿಡಿಯಲು ಈ ಸಣ್ಣ ಮೀನಿನಿಂದಲೇ ಸಾಧ್ಯ. ಇದು ಬಂಗಾರದ ಮೀನಿನ ಎಳೆಮರಿಗಳನ್ನೂ ತಿಂದೀತು. ಮರಿಮಾಡಿಸುವ ಇಚ್ಛೆಯುಳ್ಳವರು ಮೊಟ್ಟೆಗಳನ್ನು ಬೇರೆ ತೊಟ್ಟಿಗೆ ತೆಗೆಯಬೇಕು. ಹಾಗೆ ನೋಡಿದರೆ ತಾಯಿತಂದೆ ಮೀನುಗಳೇ ತಮ್ಮ ಮೊಟ್ಟೆಗಳನ್ನು ಬಿಡುವುವಲ್ಲ!

ತಳದಲ್ಲಿ ಬಾಳುವ ಜತೆಗಾರನು ಬೇಕೆಂದರೆ, ಮರಳಿನಲ್ಲಿ ಹುದುಗಿಕೊಂಡು ಬಾಯಿಯ ಸುತ್ತಲಿನ ಪುಟ್ಟ ಮೀಸೆಗಳಿಂದ ಆಹಾರವನ್ನು ಹುಡುಕುವ, ಬೆರಳುದ್ದದ ಲೋಚ್ ಎಂಬ ಮೀನು ನಮ್ಮ ಹಳ್ಳಗಳಲ್ಲಿಯೇ ಇದೆ. ಇದು ಯಾರ ತಂಟೆಗೂ ಹೋಗುವುದಿಲ್ಲ. ತಳದಲ್ಲಿ ನಯವಾದ ಮರಳಿರಬೇಕೆಂಬುದೊಂದೇ ಇದರ ಬೇಡಿಕೆ. ಹೀಗೆ ಮೇಲೆ ಒಂದು, ನಡುವೆ ಒಂದು, ತಳದಲ್ಲಿ ಒಂದು ಎಂದು ಕೊಳವನ್ನು ಹಂಚಿಕೊಡುವುದು ಬುದ್ಧಿವಂತಿಕೆ. ಮೀನುಸಾಕಣೆಯವರು ಮೇಲ್ನೀರಿಗೆ ಕಾಟ್ಲ, ನಡುನೀರಿಗೆ ರೋಹು, ತಳಕ್ಕೆ ಮೃಗಾಲ್ ಎಂದು ಬಿಡುವುದೂ ಈ ನ್ಯಾಯದಿಂದಲೇ.

ಸಲ್ಲದ ಸಂಗಾತಿಗಳು

ಹಾಗಾದರೆ ಆ ಕಾಟ್ಲ ರೋಹುಗಳನ್ನೇ ಕೊಳಕ್ಕೆ ಬಿಡಬಹುದಲ್ಲವೆ ಎಂದು ಕೆಲವರು ಕೇಳುವರು. ಭದ್ರಾ ಅಣೆಕಟ್ಟಿನ ಬಳಿಯ ಬಿ. ಆರ್. ಪ್ರಾಜೆಕ್ಟಿನಲ್ಲಿ ಸರ್ಕಾರದ ಮೀನುಮರಿ ಉತ್ಪಾದನಾ ಕೇಂದ್ರವಿರುವುದರಿಂದ ನಮ್ಮ ಸೀಮೆಗೆ ಈ ಮರಿಗಳು ಸಮೀಪವೇ. ಸ್ವಭಾವದಲ್ಲಿ ಇವು ದುಷ್ಟವಲ್ಲ. ಆದರೆ ಕಾಟ್ಲವು ಅನುಕೂಲವಾದ ಕೆರೆಯಲ್ಲಿ ಒಂದೇ ವರ್ಷದಲ್ಲಿ ಒಂದು ಕಿಲೋ ತೂಗುವುದು. ಕೆರೆಗೆ ಭಾಗ್ಯವಾದುದು ಕೊಳಕ್ಕೆ ಭಾರವಾಗುವುದು. ೧೯೫೯ರಲ್ಲಿ ನಮ್ಮ ದೇಶಕ್ಕೆ ಬಂದ ಹುಲ್ಲುಗೆಂಡೆಯಾದರೋ ನೈದಿಲೆ ಮೊದಲ್ಗೊಂಡು ಗಿಡಗಳನ್ನೆಲ್ಲಾ ಮೇಯ್ದುಬಿಡುವುದು.

ಬಣ್ಣದ ಕೋಯಿ ಮೀನು ಮತ್ತು ಸಾಮಾನ್ಯ ಗೆಂಡೆ ಒಂದೇ ವಂಶದವು. ಬಾಯಿಯ ಇಕ್ಕೆಲಗಳಲ್ಲಿ ಎರಡು ಜತೆ ಮೀಸೆಗಳಿದ್ದರೆ ಅದು ಗೆಂಡೆ ಅಥವಾ ಕೋಯಿ. ಮೀಸೆಯಿಲ್ಲದಿದ್ದರೆ ಬಂಗಾರದ ಮೀನು. ಅಂಗಡಿಯಲ್ಲಿ ಮರಿಗಳನ್ನು ಕೊಳ್ಳುವಾಗ ಈ ಗುರುತನ್ನು ಮರೆಯಬಾರದು. ಕೋಯಿಯು ಬಂಗಾರದ ಮೀನಿನೊಡನೆ ಸ್ನೇಹದಿಂದಲೇ ಇರುವುದು. ಆದರೆ ಎರಡಡಿಯವರೆಗೂ ಬೆಳೆದು, ತಳದ ಮಣ್ಣನ್ನು ಅಗೆದು, ಗಿಡಗಳ ಬೇರನ್ನು ಕಿತ್ತು ನೀರನ್ನು ಕದಡುವುದು. ಇಪ್ಪತ್ತು ಸಾವಿರ ಲೀಟರಿನ ದೊಡ್ಡ ಕೊಳವುಳ್ಳವರು ಸಾಕಬಹುದು. ನಮ್ಮಂತಹವರು ದೂರದಿಂದ ನೋಡಿ ಸಂತೋಷಪಡುವುದು ಲೇಸು.

ತಿಲಾಪಿಯವು ೧೯೫೨ರಲ್ಲಿ ಸಿಂಹಳದ್ವೀಪದಿಂದ ಬಂದುದು. ಪೇಟೆಯಲ್ಲಿ ಜಿಲೇಬಿ ಮೀನೆಂದು ಹೆಸರು. ಹೆಣ್ಣು ತನ್ನ ಮೊಟ್ಟೆಮರಿಗಳನ್ನು ಬಾಯಿಯಲ್ಲಿಟ್ಟುಕೊಂಡು ಕಾಪಾಡುವುದರಿಂದ ಮರಿಗಳು ನಾಶವಾಗುವುದು ಅಪರೂಪ. ಹುಟ್ಟಿದ ಎರಡು ಮೂರು ತಿಂಗಳಿಗೇ ಮರಿಯು ತಾಯಾಗಬಲ್ಲುದು. ಒಂದು ವರ್ಷದೊಳಗೆ ಕೊಳವೆಲ್ಲಾ ಅದರದೇ ಆಗುವುದು. ಗಂಡುಗಳು ತಳದಲ್ಲಿ ಗುಣಿ ತೋಡಿ, ಹತ್ತಿರ ಬಂದವರನ್ನು ಅಟ್ಟಿ ಕಚ್ಚುವುವು.

ಕೊರವದ ಕಥೆಯನ್ನು ಆಗಲೇ ಹೇಳಿದ್ದೇವೆ. ಅದು ಗಾಳಿಯನ್ನು ನೇರವಾಗಿ ಉಸಿರಾಡಬಲ್ಲುದಾದುದರಿಂದ ಮಳೆಯ ರಾತ್ರಿಗಳಲ್ಲಿ ಒದ್ದೆನೆಲದ ಮೇಲೆ ತೆವಳಿಕೊಂಡು ಹೋಗುವುದೂ ಉಂಟು. ಮೀಸೆಮೀನುಗಳಲ್ಲಿ ಹೆಚ್ಚಿನವು ರಾತ್ರಿಯ ಬೇಟೆಗಾರರು. ಅವುಗಳಲ್ಲಿ ಚೇಳುಮೀನಿನ ರೆಕ್ಕೆಯ ಮುಳ್ಳಿನಲ್ಲಿ ವಿಷವಿದ್ದು ಚುಚ್ಚಿದರೆ ಮಕ್ಕಳಿಗೆ ಬಹಳ ನೋವಾಗುವುದು. ಆಫ್ರಿಕದ ಮೀಸೆಮೀನನ್ನು ಸಾಕುವುದನ್ನು ಸರ್ಕಾರವೇ ನಿಷೇಧಿಸಿದೆ. ಪಾಚಿಯನ್ನು ತಿನ್ನುವುದೆಂದು ಅಂಗಡಿಗಳಲ್ಲಿ ಮಾರುವ, ಚಿಪ್ಪಿನಂತಹ ಮೈಯುಳ್ಳ ಹೀರುಬಾಯಿ ಮೀನು ಕೂಡ ಬೇಡ. ಅದು ಒಂದಡಿಗೂ ಮಿಕ್ಕಿ ಬೆಳೆದು, ನಿಧಾನವಾದ ಬಂಗಾರದ ಮೀನಿನ ಪಕ್ಕಕ್ಕೆ ಅಂಟಿಕೊಂಡು ಮೈಯ ಲೋಳೆಯನ್ನು ಹೀರಿ ಗಾಯಮಾಡುವುದು.

ಇನ್ನು ಗ್ಯಾಂಬೂಸಿಯ. ಅಮೆರಿಕ ಮೂಲದ ಈ ಸಣ್ಣ ಮೀನನ್ನು ೧೯೨೮ರಲ್ಲಿ ಇಟಲಿಯಿಂದ ನಮ್ಮ ದೇಶಕ್ಕೆ ತಂದದ್ದು ಮಲೇರಿಯದ ಸೊಳ್ಳೆಗಳನ್ನು ಅಡಗಿಸಲಿಕ್ಕಾಗಿ. ಚಳಿಜ್ವರದಿಂದ ಊರುಗಳೇ ಬರಿದಾಗುತ್ತಿದ್ದ ಆ ಕಾಲದಲ್ಲಿ ಅದು ಮಾಡಿದ ಉಪಕಾರವನ್ನು ಅಲ್ಲಗಳೆಯಬಾರದು. ಆದರೆ ಅದು ಇತರ ಮೀನುಗಳ ರೆಕ್ಕೆಬಾಲಗಳನ್ನು ಕಚ್ಚಿ ಹರಿಯುವುದು; ಕಪ್ಪೆಯ ಮೊಟ್ಟೆಗಳನ್ನೂ ನಾಡಮೀನಿನ ಮರಿಗಳನ್ನೂ ತಿನ್ನುವುದು. ಲೋಕದ ಅತ್ಯಂತ ಹಾನಿಕರವಾದ ನೂರು ಪರಕೀಯ ಜೀವಿಗಳ ಪಟ್ಟಿಯಲ್ಲಿ ಇಂದು ಅದರ ಹೆಸರೂ ಸೇರಿದೆ. ಗಪ್ಪಿಯು ಅದಕ್ಕಿಂತ ಸೌಮ್ಯ. ಬಂಗಾರದ ಮೀನಿನೊಡನೆ ಇರಬಲ್ಲುದಾದರೂ, ಮರಿಗಳನ್ನೇ ಹೆರುವ ಜಾತಿಯಾದುದರಿಂದ ಬಹುಬೇಗ ಹೆಚ್ಚುವುದು. ಹೊರಗೆ ಹರಿಯುವ ಕೊಳಕ್ಕೆ ಅದೂ ತಕ್ಕುದಲ್ಲ.

ಮೀನಲ್ಲದ ನೆರೆಯವರ ಮಾತೂ ಒಂದಿಷ್ಟಿದೆ. ಗೊದಮೊಟ್ಟೆಗಳಿಂದ ತೊಂದರೆಯಿಲ್ಲ, ಆದರೆ ದೊಡ್ಡ ಗೋಂಕರುಕಪ್ಪೆಯು ಸಣ್ಣ ಮೀನನ್ನು ನುಂಗುವುದು. ದನಗಳು ಇಳಿಯುವ ಮಡುವಿನ ಬಸವನಹುಳುಗಳನ್ನು ತರಬಾರದು. ಅವುಗಳಲ್ಲಿ ಕೆಲವು ಜಾತಿಗಳು ದನಕುರಿಗಳ ಪಿತ್ತಕೋಶದ ಹುಳುವಿಗೆ ಆಶ್ರಯ ಕೊಡುವುವು. ಆಮೆಯು ಮೀನನ್ನು ಕಚ್ಚುವುದಲ್ಲದೆ, ನಾಡಿನ ಆಮೆಗಳನ್ನು ಹಿಡಿದಿಡುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಮಿಂಚುಳ್ಳಿ, ಕೊಳಬಕಗಳು ಬಾರದಂತೆ ಬಲೆಯನ್ನು ಕಟ್ಟಬಹುದು. ನೀರೊಳ್ಳೆ ಹಾವಿಗೆ ವಿಷವಿಲ್ಲ. ಕೊಲ್ಲದೆ ಓಡಿಸಿದರೆ ಸಾಕು.

ಹೊಸಬರನ್ನು ಬರಮಾಡಿಕೊಳ್ಳುವ ಕ್ರಮ

ಅಂಗಡಿಯಿಂದ ಬಂದ ಮೀನಾಗಲಿ, ಹಳ್ಳದಿಂದ ತಂದ ಮೀನಾಗಲಿ, ನೇರವಾಗಿ ಕೊಳಕ್ಕೆ ಬಿಡುವುದು ಯುಕ್ತವಲ್ಲ. ಬೇರೊಂದು ತೊಟ್ಟಿಯಲ್ಲಿ ಮೂರು ವಾರ ಇರಿಸಿ ನೋಡಬೇಕು. ಮೈಯ ಮೇಲೆ ದಾರದ ತುಂಡಿನಂತೆ ನೇತಾಡುವ ಲಂಗರುಹುಳು, ರವೆ ಎರಚಿದಂತಹ ಬಿಳಿಯ ಚುಕ್ಕೆ, ಕೊಳೆತ ರೆಕ್ಕೆ ಇವು ಕಂಡರೆ ಕೊಳಕ್ಕೆ ಸೇರಿಸಕೂಡದು. ಈ ತೊಟ್ಟಿಯ ನೀರಿಗೆ ಲೀಟರೊಂದಕ್ಕೆ ಎರಡು ಮೂರು ಗ್ರಾಮಿನಂತೆ ಅಯೋಡೀನಿಲ್ಲದ ಕಲ್ಲುಪ್ಪನ್ನು ಕರಗಿಸಿದರೆ ಕೆಲವು ಸಣ್ಣ ಪೀಡೆಗಳು ತೊಲಗುವುವು. ಗಿಡಗಳಿರುವ ಕೊಳಕ್ಕೆ ಮಾತ್ರ ಉಪ್ಪು ಹಾಕಬಾರದು. ಕೊಳಕ್ಕೆ ಬಿಡುವ ದಿನ ಮೀನಿರುವ ಚೀಲವನ್ನು ಅರ್ಧ ಘಂಟೆ ಕೊಳದ ನೀರಿನಲ್ಲಿಯೇ ತೇಲಿಸಿ, ಎರಡರ ಬಿಸುಪೂ ಸಮನಾದ ಮೇಲೆ ಮೀನನ್ನು ಮಾತ್ರ ಬಿಟ್ಟು, ಚೀಲದ ನೀರನ್ನು ಗಿಡದ ಬುಡಕ್ಕೆ ಚೆಲ್ಲತಕ್ಕದ್ದು.

ಆಹಾರವನ್ನು ಮೂರು ನಾಲ್ಕು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟು ಮಾತ್ರ ಹಾಕಬೇಕು. ಬೇಯಿಸಿ ಸಿಪ್ಪೆ ತೆಗೆದ ಬಟಾಣಿ, ಸಣ್ಣಗೆ ಹೆಚ್ಚಿ ಬೇಯಿಸಿದ ಸೊಪ್ಪು, ಈಗ ದನಗಳ ಮೇವಿಗಾಗಿ ಹಳ್ಳಿಗಳಲ್ಲಿ ಬೆಳೆಯುವ ಅಜೋಲ ಇವೆಲ್ಲವೂ ಬಂಗಾರದ ಮೀನಿಗೆ ಪ್ರಿಯ.

ಕೆರೆಯ ಹಿತ

ಈ ಲೇಖನದಲ್ಲಿ ನಾವು ಮುಖ್ಯವಾಗಿ ಹೇಳಬೇಕೆಂದಿದ್ದ ಮಾತು ಕಡೆಗೆ ಉಳಿದಿದೆ. ಕೊರವವು ಸಿಕ್ಕಿದ ದಿನ ನಮ್ಮ ಹುಡುಗನು, ಉಳಿದ ಐದು ಮೀನುಗಳನ್ನು ಕೆರೆಗೆ ಬಿಟ್ಟುಬಿಡೋಣ, ಅಲ್ಲಿ ಸುಖವಾಗಿರುವುವು ಎಂದನು. ಮಾತು ಕರುಣೆಯಿಂದ ಬಂದುದು. ಆದರೂ ನಾವು ಒಪ್ಪಲಿಲ್ಲ.

ಪಶ್ಚಿಮ ಆಸ್ಟ್ರೇಲಿಯದ ವಾಸ್ಸೆ ನದಿಯಲ್ಲಿ ಯಾರೋ ಬಿಟ್ಟ ಬಂಗಾರದ ಮೀನುಗಳು ಸಂತಾನವೃದ್ಧಿಯಾಗಿ, ಕೆಲವು ಒಂದೂವರೆ ಕಿಲೋಗೂ ಮಿಕ್ಕಿ ಬೆಳೆದು, ತಳವನ್ನು ಕದಡಿ, ಅಲ್ಲಿನ ಮೂಲಮೀನುಗಳಿಗೆ ಕಂಟಕವಾಗಿವೆ. ನಮ್ಮ ಕೆರೆಯಲ್ಲಿ ಒಂದು ವೇಳೆ ಕೊರವವೇ ಅವುಗಳನ್ನು ತಿಂದು ಮುಗಿಸಬಹುದು; ಆದರೂ ಅಂಗಡಿಯ ಮೀನಿನೊಡನೆ ಬಂದ ರೋಗವೂ ಹುಳುವೂ ಕೆರೆಯಲ್ಲಿ ಉಳಿದುಬಿಡುವುವು. ಕೆರೆಯು ನಮ್ಮೊಬ್ಬರದಲ್ಲ. ಅದರ ಮೀನಿನಿಂದ ಸಂಸಾರ ಸಾಗಿಸುವವರುಂಟು. ಅದರ ನೀರನ್ನು ಕುಡಿಯುವ ದನಕರುಗಳುಂಟು. ಅಲ್ಲಿ ಹುಟ್ಟಿ ಬೆಳೆದ ಮೀನು ಕಪ್ಪೆ ಹಕ್ಕಿಗಳುಂಟು. ಒಂದು ಮನೆಯ ಹಿತ್ತಿಲಿನ ವಿನೋದವು ಒಂದು ಊರಿನ ಸೊತ್ತನ್ನು ಕೆಡಿಸಬಾರದು. ಆದುದರಿಂದ ಕೊಳದಿಂದ ಮಳೆನೀರು ಹೊರಗೆ ಹೋಗುವ ಬಾಯಿಗೆ ಸಣ್ಣ ಕಣ್ಣಿನ ತಂತಿಬಲೆಯನ್ನು ಬಿಗಿಯತಕ್ಕದ್ದು. ಮೀನು ಹೆಚ್ಚಾದರೆ ಸಾಕುವ ಮನಸ್ಸುಳ್ಳ ನೆರೆಯವರಿಗೆ ಕೊಡಬೇಕೇ ವಿನಾ ಕೆರೆ ಹಳ್ಳ ಬಾವಿಗಳಿಗೆ ಬಿಡಬಾರದು.

ಆ ಐದು ಮೀನುಗಳು ಕೊಳದಲ್ಲಿಯೇ ಉಳಿದುವು. ಅವುಗಳಿಗೆ ಜತೆಯಾಗಿ ಎಂಟು ರಾಸ್ಬೋರಗಳನ್ನೂ ನಾಲ್ಕು ಲೋಚುಗಳನ್ನೂ ಮೂರು ವಾರ ತೊಟ್ಟಿಯಲ್ಲಿಟ್ಟು ಪರೀಕ್ಷಿಸಿ ಬಿಟ್ಟೆವು. ಆ ಮೂರು ವಾರಗಳ ಲೆಕ್ಕವನ್ನು ಹುಡುಗನೇ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಹಾಕಿ ಇಟ್ಟನು. ಮುಂದಿನ ವೈಶಾಖವೂ ಕಳೆಯಿತು. ಐದಕ್ಕೆ ಐದೂ ಇದ್ದುವು. ಮತ್ತೆ ಆಷಾಢದಲ್ಲಿ ಕೆರೆಯಂಚಿನಲ್ಲಿ ಕೆಂಪು ಮರಿಗಳ ಹಿಂಡು ಕಂಡಾಗ ಅವನು ಚೊಂಬನ್ನು ಕೆಳಗಿಟ್ಟು, ಮರಿಗಳ ಕೆಳಗೆ ಕಾವಲಿದ್ದ ತಾಯಿಯ ನೆರಳನ್ನು ನಮಗೆ ತೋರಿಸಿದನು. ಅಲ್ಲಿ ಅದು ಶತ್ರುವಲ್ಲ. ಅದರ ಮನೆಯೇ ಅದು. ಯಾರಿಗೆ ಯಾವ ನೀರು ತಕ್ಕುದೆಂಬುದನ್ನು ನಾವು ಅರಿತು ನಡೆದರೆ ಕೊಳವೂ ಕೆರೆಯೂ ಎರಡೂ ಸುಖವಾಗಿರುವುವು.